ಮಕ್ಕಳ ಮನಸ್ಸು – ಓದುಗರ ಪ್ರಶ್ನೆ: ಊಟದ ಹೊತ್ತಿಗೇ ಯಾಕೆ ತಟ್ಟೆ ಎಸೆಯುತ್ತಾನೆ?

ಪ್ರಶ್ನೆ: ನಮ್ಮದು ಹಳೇ ದಾವಣಗೆರೆ. ಕಳೆದ ಯುಗಾದಿ ಆದಮೇಲೆ ನನ್ನ ತಂಗಿ ಗಂಡನ ಮನೆ ಬಿಟ್ಟು ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದಾಳೆ. ಹುಡುಗನಿಗೆ ಐದೂವರೆ ವರ್ಷ. ಅವನಪ್ಪ ರಾತ್ರಿ ಕುಡಿದು ಬಂದು ಇವನ ಕಣ್ಣೆದುರೇ ತಂಗಿಯನ್ನು ಹೊಡೆಯುತ್ತಿದ್ದ. ಈಗ ಅದೆಲ್ಲ ಇಲ್ಲ, ಆದರೆ ಹುಡುಗ ಸರಿಹೋಗಿಲ್ಲ. ಹಗಲೆಲ್ಲ ಚೆನ್ನಾಗಿರುತ್ತಾನೆ. ರಾತ್ರಿ ಊಟಕ್ಕೆ ಕೂರಿಸಿದರೆ ಸಾಕು, ಏನೋ ಒಂದು ನೆಪ ತೆಗೆದು ತಟ್ಟೆ ಎಸೆಯುತ್ತಾನೆ, ಅಮ್ಮನ ಕೈ ಕಚ್ಚುತ್ತಾನೆ. ಎದುರು ಮನೆಯವರು ಅಂಗಡಿ ಮುಚ್ಚಿ ಬಂದು ಬೈಕ್ ನಿಲ್ಲಿಸೋ ಹೊತ್ತಿಗೆ ಸರಿಯಾಗಿ ನಮ್ಮ ಮನೆಯಲ್ಲಿ ಗಲಾಟೆ, ಅವರ ಮುಂದೆ ಮರ್ಯಾದೆ ಹೋಗುತ್ತದೆ. ತಂಗಿ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ‘ಭಾನುವಾರ ಗಾಜಿನ ಮನೆಗೆ ಕರ್ಕೊಂಡು ಹೋಗ್ತೀನಿ’ ಅಂತ ಸಮಾಧಾನ ಮಾಡುತ್ತಾಳೆ, ಎಷ್ಟೋ ಸಲ ಹೋಗಲು ಆಗುವುದಿಲ್ಲ. ನೆಂಟರು ‘ಅಪ್ಪನ ರಕ್ತ ಎಲ್ಲಿ ಹೋಗುತ್ತೆ’ ಅಂತಾರೆ. ನಾಲ್ಕು ಬಾರಿಸಿದರೆ ಸರಿಹೋಗ್ತಾನೆ ಅನ್ನೋದು ನಮ್ಮಮ್ಮನ ಮಾತು. ಏನು ಮಾಡಲಿ?
– ದೊಡ್ಡಮ್ಮ, ದಾವಣಗೆರೆ

ಉತ್ತರ: ಬಾರಿಸಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ. ಹೊಡೆತ ನೋಡಿ ಹೆದರಿದ ಮಗುವಿಗೆ ಇನ್ನೊಂದು ಮನೆಯಲ್ಲೂ ಹೊಡೆತವೇ ಸಿಕ್ಕರೆ ಅವನು ಕಲಿಯುವುದು ಒಂದೇ, ಎಲ್ಲಿ ಹೋದರೂ ದೊಡ್ಡವರು ಹೀಗೇ ಅಂತ.

ಈಗ ನಿಮ್ಮ ಪತ್ರದಲ್ಲಿರುವ ಒಂದು ಸಾಲನ್ನು ನೀವೇ ಇನ್ನೊಮ್ಮೆ ಓದಿ. ಎದುರು ಮನೆಯ ಬೈಕ್ ಬಂದು ನಿಲ್ಲುವ ಹೊತ್ತಿಗೇ ಗಲಾಟೆ ಅಂತ ಬರೆದಿದ್ದೀರಿ. ನೀವು ಅದನ್ನು ಮರ್ಯಾದೆಯ ಲೆಕ್ಕದಲ್ಲಿ ಬರೆದಿದ್ದೀರಿ, ನನಗೆ ಮಾತ್ರ ಅದೇ ಮುಖ್ಯ ಅನಿಸಿತು. ಅವನಪ್ಪ ರಾತ್ರಿ ಹೊತ್ತು ಬೈಕಿನಲ್ಲೇ ಬರುತ್ತಿದ್ದನಾ? ತಂಗಿಯನ್ನು ಕೇಳಿ ನೋಡಿ. ಹೌದಾದರೆ, ಹುಡುಗನ ಗಲಾಟೆಗೂ ಅನ್ನಕ್ಕೂ ತಟ್ಟೆಗೂ ಸಂಬಂಧವೇ ಇಲ್ಲದಿರಬಹುದು. ಇದು ನನ್ನ ಊಹೆ ಅಷ್ಟೇ, ಆದರೆ ಪರೀಕ್ಷೆ ಮಾಡುವುದು ಸುಲಭ. ಒಂದು ವಾರ ಊಟವನ್ನು ಒಂದು ಗಂಟೆ ಮುಂಚೆ, ಒಳಗಿನ ಕೋಣೆಯಲ್ಲಿ ಬಡಿಸಿ. ಗಲಾಟೆ ಊಟದ ಜೊತೆ ಬರುತ್ತದಾ, ಬೈಕಿನ ಜೊತೆ ಬರುತ್ತದಾ ನೋಡಿ.

ಮಗುವಿಗೆ ಇದು ಗೊತ್ತಿದ್ದು ಆಗುವುದಲ್ಲ. ಮೆದುಳಿನೊಳಗೆ ಅಮಿಗ್ಡಲಾ ಅಂತ ಬಾದಾಮಿ ಗಾತ್ರದ ಒಂದು ಭಾಗವಿದೆ. ಅಪಾಯದ ಸುಳಿವು ಸಿಕ್ಕ ತಕ್ಷಣ ಎಚ್ಚರಿಸುವುದು ಅದರ ಕೆಲಸ. ಎದೆ ಹೊಡೆದುಕೊಳ್ಳುತ್ತದೆ, ಕೈಕಾಲು ಬಿಗಿಯುತ್ತದೆ, ಹೊಡಿ ಇಲ್ಲಾ ಓಡು ಅನ್ನುವ ಸ್ಥಿತಿಗೆ ಮೈ ಬಂದುಬಿಡುತ್ತದೆ. ‘ತಡಿ, ಇದು ಎದುರು ಮನೆ ಅಂಕಲ್ ಬೈಕ್’ ಅಂತ ಹೇಳಿ ತಡೆಯಬೇಕಾದದ್ದು ಹಣೆಯ ಹಿಂದಿರುವ ಭಾಗ. ಅದು ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ! ಐದು ವರ್ಷದ ಯಾವ ಮಗುವಿಗೂ ಅದು ಎಳಸೇ. ದಿನಾ ಹೆದರಿಕೆಯಲ್ಲಿ ಬೆಳೆದ ಮಗುವಿಗೆ ಎಚ್ಚರಿಸುವ ಭಾಗ ಜಾಸ್ತಿ ಚುರುಕಾಗಿರುತ್ತದೆ, ತಡೆಯುವ ಭಾಗ ಇನ್ನೂ ಹಿಂದೆ ಬಿದ್ದಿರಬಹುದು. ಆ ಹೊತ್ತಿನಲ್ಲಿ ‘ಯಾಕೋ ಎಸೆದೆ?’ ಅಂತ ಕೇಳಿದರೆ ಅವನಿಗೇ ಉತ್ತರ ಗೊತ್ತಿರುವುದಿಲ್ಲ.

ಹಾಗಾಗಿ ಆ ಹೊತ್ತಿನಲ್ಲಿ ಮಾತು ಕಮ್ಮಿ ಮಾಡಿ. ನೀವು ಅವನ ಎತ್ತರಕ್ಕೆ ಕೆಳಗೆ ಕೂತುಕೊಳ್ಳಿ. ಬಲವಂತವಾಗಿ ತಬ್ಬಿಕೊಳ್ಳಬೇಡಿ, ಕೆಲವು ಮಕ್ಕಳಿಗೆ ಹಿಡಿದುಕೊಂಡರೆ ಇನ್ನೂ ಭಯ. ಕಚ್ಚಲು ಬಂದರೆ ಅಮ್ಮನ ಕೈಯನ್ನು ಮೆಲ್ಲಗೆ ಸರಿಸಿ, ‘ಕಚ್ಚೋಕೆ ಬಿಡಲ್ಲ, ಅಮ್ಮಂಗೆ ನೋವಾಗುತ್ತೆ, ನಾನು ಇಲ್ಲೇ ಇದ್ದೀನಿ’ ಅನ್ನಿ, ದನಿ ಏರಿಸದೆ. ಅಷ್ಟೇ ಮಾತನ್ನು ಎಷ್ಟು ಸಲ ಬೇಕಾದರೂ ಹೇಳಿ. ಉಸಿರು ಸರಿಯಾದ ಮೇಲೆ ನೀರು ಕೊಡಿ, ಚೆಲ್ಲಿದ ಅನ್ನವನ್ನು ಇಬ್ಬರೂ ಸೇರಿ ಎತ್ತಿ. ಇದು ಶಿಕ್ಷೆ ಅಂತ ಅವನಿಗೆ ಅನಿಸಬಾರದು, ಎಸೆದರೆ ಪರವಾಗಿಲ್ಲ ಅಂತಲೂ ಅನಿಸಬಾರದು. ಇನ್ನೊಂದು ವಿಷಯ. ಹೊಡೆತ ತಿಂದವಳು ನಿಮ್ಮ ತಂಗಿ. ಮಗ ಮೈಮೇಲೆ ಬಂದಾಗ ಅವಳಿಗೂ ಹಳೆಯದೆಲ್ಲ ಮರಳಿ ಬಂದು ಕೈಕಾಲು ಆಡದೇ ಇರಬಹುದು. ಅಂಥ ದಿನ ‘ನೀನು ಒಳಗೆ ಹೋಗು, ನಾನು ನೋಡ್ಕೋತೀನಿ’ ಅಂತ ಹೇಳುವವರು ನೀವೇ ಆಗಬೇಕು.

ಹಗಲು ಹೊತ್ತು ಅವನು ಚೆನ್ನಾಗಿರುತ್ತಾನೆ ಅಂದಿರಲ್ಲ, ಕಲಿಸುವುದೆಲ್ಲ ಆಗಲೇ. ಗಲಾಟೆ ಬೈಕಿನ ಜೊತೆಯೇ ಬರುತ್ತದೆ ಅಂತ ಗೊತ್ತಾದರೆ ಎದುರು ಮನೆಯವರಿಗೆ ಇಷ್ಟು ಮಾತ್ರ ಹೇಳಿ, ಹುಡುಗ ಬೈಕಿನ ಸದ್ದಿಗೆ ಹೆದರುತ್ತಾನೆ ಅಂತ. ಅವನು ಒಪ್ಪಿದರೆ ಒಂದು ಮಧ್ಯಾಹ್ನ ನಿಂತ ಬೈಕಿನ ಹತ್ತಿರ ಕರೆದುಕೊಂಡು ಹೋಗಿ, ಹಾರ್ನ್ ಒತ್ತಲಿ, ಸೀಟಿನ ಮೇಲೆ ಕೂರಲಿ. ಸಂಜೆ ಮೊದಲೇ ಹೇಳಿ: ‘ಈಗ ಅಂಕಲ್ ಬೈಕ್ ಬರುತ್ತೆ, ಅವರು ಅವರ ಮನೆಗೆ ಹೋಗ್ತಾರೆ, ಇಲ್ಲಿಗೆ ಯಾರೂ ಬರಲ್ಲ.’ ಕೈಯಲ್ಲಿ ಬಿಸಿ ಮಿರ್ಚಿ ಇದೆ ಅಂದುಕೊಂಡು ಉದ್ದಕ್ಕೆ ಊದುವ ಆಟ ಆಡಿಸಿ, ನಿಧಾನವಾಗಿ ಉಸಿರು ಬಿಟ್ಟರೆ ಎದೆಬಡಿತ ಇಳಿಯುತ್ತದೆ. ಚೌಕಾಬಾರ, ಕುಂಟೆಬಿಲ್ಲೆ ಆಡಿಸಿ. ತನ್ನ ಸರದಿಗೆ ಕಾಯುವುದನ್ನು ಇದಕ್ಕಿಂತ ಚೆನ್ನಾಗಿ ಯಾವ ಬುದ್ಧಿಮಾತೂ ಕಲಿಸುವುದಿಲ್ಲ.

ಇನ್ನು ಗಾಜಿನ ಮನೆಯ ವಿಷಯ. ಇದು ಸಣ್ಣದು ಅಂತ ನಿಮಗೆ ಅನಿಸಿರಬಹುದು, ನನಗೆ ಹಾಗೆ ಅನಿಸುವುದಿಲ್ಲ. 2013ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಪ್ರಕಟಿಸಿದರು. ಮೂರರಿಂದ ಐದು ವರ್ಷದ 28 ಮಕ್ಕಳು. ಚಿತ್ರ ಬರೆಯಲು ಇನ್ನೂ ಒಳ್ಳೆ ಸಾಮಾನು ತಂದುಕೊಡುತ್ತೇನೆ ಅಂತ ಎಲ್ಲರಿಗೂ ಹೇಳಿದರು. ಅರ್ಧ ಮಕ್ಕಳಿಗೆ ತಂದುಕೊಟ್ಟರು, ಇನ್ನರ್ಧ ಮಕ್ಕಳಿಗೆ ‘ಅಯ್ಯೋ, ಇಲ್ಲವಂತೆ’ ಅಂದುಬಿಟ್ಟರು. ಆಮೇಲೆ ಒಂದು ಮಿಠಾಯಿ ಮುಂದಿಟ್ಟು, ತಿನ್ನದೆ ಕಾದರೆ ಎರಡು ಕೊಡುತ್ತೇನೆ ಅಂದರು. ಹೇಳಿದ್ದನ್ನು ತಂದುಕೊಟ್ಟಿದ್ದ ಗುಂಪಿನ ಮಕ್ಕಳು ಸರಾಸರಿ 12 ನಿಮಿಷ ಕಾದರು, ಮಾತು ತಪ್ಪಿದ್ದ ಗುಂಪಿನ ಮಕ್ಕಳು 3 ನಿಮಿಷ! ತಾಳ್ಮೆ ಅನ್ನೋದು ಮಗುವಿನ ಗುಣ ಮಾತ್ರ ಅಂತ ನಾವು ಅಂದುಕೊಂಡಿದ್ದೇವೆ, ಎದುರಿಗಿರುವವರು ನಂಬಿಕಸ್ಥರಾ ಅನ್ನೋದೂ ಅದರಲ್ಲಿ ಸೇರಿದೆ. ಹಾಗಂತ ನಿಮ್ಮ ತಂಗಿಯನ್ನು ದೂರುತ್ತಿಲ್ಲ, ಅಂಗಡಿ ಕೆಲಸದವರಿಗೆ ಭಾನುವಾರ ಎಲ್ಲಿ ತಮ್ಮ ಕೈಯಲ್ಲಿರುತ್ತದೆ? ಗಾಜಿನ ಮನೆ ಬೇಡ. ‘ಕೆಲಸದಿಂದ ಬಂದ ತಕ್ಷಣ ಐದು ನಿಮಿಷ ನಿನ್ನ ಜೊತೆ ಕೂರ್ತೀನಿ’ ಅಂತ ಹೇಳಲಿ, ಕೂರಲಿ. ಕೊಡಲು ಆಗುವಷ್ಟೇ ಮಾತು ಕೊಡಲಿ.

‘ಅಪ್ಪನ ರಕ್ತ’ ಅನ್ನುವ ನೆಂಟರ ಬಾಯಿ ಮುಚ್ಚಿಸಿ, ನಿಷ್ಠುರವಾದರೂ ಪರವಾಗಿಲ್ಲ. ಐದೂವರೆ ವರ್ಷದವನಿಗೆ ಎಲ್ಲ ಅರ್ಥವಾಗುತ್ತದೆ. ಎರಡು ತಿಂಗಳಲ್ಲಿ ಏನೂ ಬದಲಾಗದಿದ್ದರೆ, ನಿದ್ದೆ ಕೆಟ್ಟರೆ, ತನಗೇ ಪೆಟ್ಟು ಮಾಡಿಕೊಳ್ಳುತ್ತಿದ್ದರೆ ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. 14416ಕ್ಕೆ ಫೋನ್ ಮಾಡಬಹುದು, ಟೆಲಿ ಮನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಿಂದ ಇದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ತಂಗಿಯೂ ತನಗಾಗಿ ಮಾಡಬಹುದು.

ಪ್ರಶ್ನೆ: ನಾನು ಚಳ್ಳಕೆರೆಯಲ್ಲಿ ಎಲ್‌ಕೆಜಿ ಟೀಚರ್. ಅಜ್ಜಿ ಜೊತೆ ಇರುವ ನಾಲ್ಕು ವರ್ಷದ ಹುಡುಗಿ, ಮನೆಯಲ್ಲಿ ಬಹಳ ಕಷ್ಟ ನೋಡಿದ್ದಾಳೆ. ಸಾಲಲ್ಲಿ ನಿಲ್ಲಿಸಿದರೆ ಎಲ್ಲರನ್ನೂ ತಳ್ಳುತ್ತಾಳೆ. ಮೂವತ್ತು ಮಕ್ಕಳಿದ್ದಾರೆ, ಒಬ್ಬಳನ್ನೇ ನೋಡಿಕೊಳ್ಳಲು ಆಗುತ್ತದಾ?
– ಟೀಚರ್, ಚಳ್ಳಕೆರೆ

ಉತ್ತರ: ಆಗುವುದಿಲ್ಲ, ನಿಜ. ಅದಕ್ಕೇ ಜಾಸ್ತಿ ಸಮಯ ಬೇಡದ್ದನ್ನೇ ಹೇಳುತ್ತೇನೆ. ಸಾಲಿನಲ್ಲಿ ಅವಳನ್ನು ಕೊನೆಗೆ ನಿಲ್ಲಿಸಿ, ಹಿಂದಿನಿಂದ ಯಾರೂ ತಾಕುವುದಿಲ್ಲ. ಬಾಗಿಲು ಹಾಕುವ ಕೆಲಸ ಅವಳದೇ ಇರಲಿ. ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗುವ ಮೊದಲು ಅವಳಿಗೆ ಹತ್ತಿರ ಹೋಗಿ ತಿಳಿಸಿ, ಥಟ್ಟಂತ ಬದಲಾದರೆ ಇಂಥ ಮಕ್ಕಳು ಗಾಬರಿಯಾಗುತ್ತಾರೆ. ದಿನಾ ಸ್ಟ್ಯಾಚ್ಯೂ ಆಟ ಆಡಿಸಿ, ಅದು ಮೂವತ್ತು ಮಕ್ಕಳಿಗೂ ಒಳ್ಳೆಯದು. ‘ಬಹಳ ಕಷ್ಟ’ ಅಂದರೆ ಏನು ಅಂತ ನೀವು ಬರೆದಿಲ್ಲ. ಈಗಲೂ ಯಾರಾದರೂ ಹಿಂಸೆ ಕೊಡುತ್ತಿದ್ದಾರೆ ಅಂತ ಅನುಮಾನವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಲೈಂಗಿಕ ದೌರ್ಜನ್ಯ ಅಂತ ಅನಿಸಿದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ನೀವು ಪೊಲೀಸರಿಗೆ ತಿಳಿಸಲೇಬೇಕು, ಶಾಲೆಯ ಹೆಸರು ಕೆಡುತ್ತದೆ ಅಂತ ಯಾರು ತಡೆದರೂ.

ಪ್ರಶ್ನೆ: ಹಿರಿಯೂರು ಹತ್ತಿರ ಹೆದ್ದಾರಿಯಲ್ಲಿ ಆದ ಅಪಘಾತದಲ್ಲಿ ನನ್ನ ಮಗ ತೀರಿಕೊಂಡ. ಮೊಮ್ಮಗಳು ಕಾರಲ್ಲೇ ಇದ್ದಳು, ಅವಳಿಗೆ ಈಗ ಮೂರು ವರ್ಷ ವಯಸ್ಸು. ಚಿಕ್ಕವಳು, ಮರೆತುಬಿಡ್ತಾಳೆ, ಆ ಮಾತು ಎತ್ತಬೇಡಿ ಅಂತಾರೆ. ಅವಳು ನೋಡಿದರೆ ದಿನಾ ಆಟದ ಕಾರುಗಳನ್ನು ಡಿಕ್ಕಿ ಹೊಡೆಸುತ್ತಾಳೆ.
– ಅಜ್ಜ, ಹಿರಿಯೂರು

ಉತ್ತರ: ನಿಮ್ಮ ದುಃಖ ದೊಡ್ಡದು. ಮಗುವಿಗೆ ಹೇಳಲು ಮಾತಿಲ್ಲ, ಆಟದಲ್ಲಿ ಹೇಳುತ್ತಿದ್ದಾಳೆ. ತಡೆಯಬೇಡಿ, ಪಕ್ಕದಲ್ಲಿ ಸುಮ್ನೆ ಕೂತುಕೊಳ್ಳಿ. ಅಪ್ಪ ಎಲ್ಲಿ ಅಂತ ಕೇಳಿದರೆ ಊರಿಗೆ ಹೋಗಿದ್ದಾರೆ ಅನ್ನಬೇಡಿ, ದಿನಾ ಬಾಗಿಲು ಕಾಯುತ್ತಾಳೆ. ‘ಅಪ್ಪ ಸತ್ತುಹೋದರು, ಇನ್ನು ಬರೋಕೆ ಆಗಲ್ಲ, ನಾವೆಲ್ಲ ನಿನ್ನ ಜೊತೆ ಇದ್ದೀವಿ’ ಅನ್ನಿ. ಮತ್ತೆ ಮತ್ತೆ ಕೇಳುತ್ತಾಳೆ, ಮತ್ತೆ ಮತ್ತೆ ಅದನ್ನೇ ಹೇಳಿ. ಆಟಕ್ಕೆ ಒಂದು ಆಂಬುಲೆನ್ಸ್, ಒಬ್ಬ ಡಾಕ್ಟರ್ ಗೊಂಬೆ ಸೇರಿಸಿ ನೋಡಿ, ಬೇಕಾದರೆ ತೆಗೆದುಕೊಳ್ಳುತ್ತಾಳೆ. ವಾರಗಟ್ಟಲೆ ಆಟ ಒಂದೇ ರೀತಿ ನಡೆದು ಅವಳು ಇನ್ನಷ್ಟು ಬಿಗಿಯುತ್ತಾ ಹೋದರೆ, ಇಲ್ಲವೇ ಕಾರು ಬಸ್ಸು ಹತ್ತಲೇ ಒಪ್ಪದಿದ್ದರೆ, ಕಾಯದೆ ಚಿತ್ರದುರ್ಗ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿಂದ ನಿಮ್ಹಾನ್ಸ್‌ಗೆ ಬರೆದುಕೊಟ್ಟರೆ ಹೆದರಬೇಡಿ, ಮಕ್ಕಳಿಗೆ ಅಲ್ಲಿ ಬೇರೆಯೇ ವಿಭಾಗ ಇದೆ.