30ಕ್ಕೆ 17 ಬಂದರೆ ಡಿಮೆನ್ಷಿಯಾನಾ?

ಮುಂಬಯಿ ಪಕ್ಕದ ಡೊಂಬಿವಲಿಯ ಓದುಗರೊಬ್ಬರ ಪತ್ರ: ‘ಊರಿಂದ ಬಂದಿರುವ ನಮ್ಮ ಅತ್ತೆಗೆ ಮರೆವು ಜಾಸ್ತಿ. ಓದಿದ್ದು ಎರಡನೇ ಕ್ಲಾಸು. ಆಸ್ಪತ್ರೆಯಲ್ಲಿ ಹಿಂದಿಯಲ್ಲಿ ಪ್ರಶ್ನೆ ಕೇಳಿ 30ಕ್ಕೆ 17 ಕೊಟ್ಟರು. ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ ಎಂದೇ ತಿಳಿಯಬೇಕಾ? ಇಲಿಗಳನ್ನು ಈಜಿಸಿ ನೆನಪು ಅಳೆಯುತ್ತಾರೆಂದು ನಿಮ್ಮಲ್ಲೇ ಓದಿದೆ. ಅದಕ್ಕೂ ನಮಗೂ ಏನು ಸಂಬಂಧ? ಇಲಿಗಳ ಮೇಲೆ ಸಾಬೀತಾದ ಟಾನಿಕ್ ಕೊಡಬಹುದಾ?’

ಇಲಿಯಿಂದಲೇ ಶುರು ಮಾಡೋಣ. ಅದು ವಿಜ್ಞಾನಿ ರಿಚರ್ಡ್ ಮಾರಿಸ್ 1980ರ ದಶಕದ ಮೊದಲಲ್ಲಿ ರೂಪಿಸಿದ ಪರೀಕ್ಷೆ. ದುಂಡನೆ ತೊಟ್ಟಿ, ಹಾಲುಪುಡಿಯನ್ನೋ ಬಣ್ಣವನ್ನೋ ಕದಡಿದ ನೀರು, ಒಳಗೆ ಕಣ್ಣಿಗೆ ಬೀಳದ, ಇಲಿ ಹತ್ತಿ ನಿಲ್ಲಬಹುದಾದ ಪುಟ್ಟ ಕಟ್ಟೆ. ಕೋಣೆಯ ಗುರುತುಗಳನ್ನು ನೋಡಿ ಇಲಿ ಆ ಜಾಗ ಕಲಿಯುತ್ತದೆ, ದಿನ ಕಳೆದಂತೆ ಬೇಗ ತಲುಪುತ್ತದೆ. ಮೆದುಳಿನಲ್ಲಿ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗ ಕೆಟ್ಟ ಇಲಿ ಸುಮ್ನೆ ಸುತ್ತುತ್ತಿರುತ್ತದೆ. ಮನುಷ್ಯರಲ್ಲಿ ಡಿಮೆನ್ಷಿಯಾಕ್ಕೆ ಮುಖ್ಯ ಕಾರಣವಾದ ಅಲ್ಝೈಮರ್ ಕಾಯಿಲೆ ಮೊದಮೊದಲೇ ಹಿಡಿಯುವ ಭಾಗಗಳಲ್ಲಿ ಇದೂ ಒಂದು. ಸಂಬಂಧ ಅಷ್ಟೇ.

ಆದರೆ ಕಟ್ಟೆ ಸಿಗಲಿಲ್ಲ ಅಂದ ಮಾತ್ರಕ್ಕೆ ‘ಇಲಿ ಮರೆತಿದೆ’ ಎಂದು ಬರೆದುಕೊಳ್ಳುವ ಹಾಗಿಲ್ಲ. ಕಟ್ಟೆಗೊಂದು ಬಾವುಟ ಸಿಕ್ಕಿಸಿ, ಕಾಣುವ ಹಾಗೆ ಮಾಡಿ ಮತ್ತೆ ಬಿಡುತ್ತಾರೆ. ಆಗಲೂ ತಲುಪದಿದ್ದರೆ ತೊಂದರೆ ಕಣ್ಣಿನದ್ದೋ ಕಾಲಿನದ್ದೋ ಇರಬಹುದು. ಕೆಲವು ಇಲಿಗಳಂತೂ ಈಜುವ ಗೋಜಿಗೇ ಹೋಗದೆ ತೇಲುತ್ತಿರುತ್ತವೆ! ಇಲಿಗೆ ಸಿಗುವ ಈ ನ್ಯಾಯ ಅತ್ತೆಗೂ ಸಿಗಬೇಕು ಅಲ್ವಾ?

ಪತ್ರದ ಜೊತೆ ನೀವು ಬರೆದು ಕಳಿಸಿದ ಆಸ್ಪತ್ರೆಯ ಪ್ರಶ್ನೆಗಳನ್ನು ನೋಡಿದರೆ ಅದು 1975ರಲ್ಲಿ ಅಮೆರಿಕದಲ್ಲಿ ಬಂದ, ನೆನಪು ಮತ್ತು ಯೋಚನೆಯನ್ನು ಅಳೆಯುವ 30 ಅಂಕದ ಪರೀಕ್ಷೆ ಎಂಎಂಎಸ್‌ಇ. ತಾರೀಖು ಯಾವುದು, ಇದು ಎಷ್ಟನೇ ಮಹಡಿ, 100ರಿಂದ ಏಳೇಳು ಕಳೆಯಿರಿ, ಒಂದು ವಾಕ್ಯ ಬರೆಯಿರಿ. ಶಾಲೆ ಬೇಗ ಬಿಟ್ಟವರಿಗೆ ನೆನಪು ಗಟ್ಟಿಯಿದ್ದರೂ ಇಲ್ಲಿ ಅಂಕ ಬೀಳುತ್ತದೆ. ಅದರ ಮೇಲೆ ಪರಭಾಷೆ ಬೇರೆ. ಹರಿಯಾಣದ ಬಲ್ಲಭಗಢದ ಹಳ್ಳಿಗರಿಗಾಗಿ 1995ರಲ್ಲಿ ಈ ಪರೀಕ್ಷೆಯನ್ನೇ ತಿದ್ದಿ, ಓದುಬರಹ ಇಲ್ಲದವರಿಗೂ ಹೊಂದುವಂತೆ ಮಾಡಬೇಕಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷೆಗಳು ಕನ್ನಡದಲ್ಲೂ ಇವೆ. ಕನ್ನಡ ಬಲ್ಲ ವೈದ್ಯರನ್ನೋ ಮನಃಶಾಸ್ತ್ರಜ್ಞರನ್ನೋ ಹುಡುಕಿ ಮತ್ತೆ ಮಾಡಿಸಿ. ನೀವೇ ಪಕ್ಕದಲ್ಲಿ ಕೂತು ಅನುವಾದ ಮಾಡಬೇಡಿ, ಗೊತ್ತಿಲ್ಲದೆ ಸುಳಿವು ಕೊಟ್ಟುಬಿಡುತ್ತೀರಿ. ಕನ್ನಡಕ ಹಾಕಿಸಿ ಕರೆದೊಯ್ಯಿರಿ. ಕಿವಿ ಪರೀಕ್ಷೆಯೂ ಆಗಲಿ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆ, ನಿದ್ದೆಮಾತ್ರೆ, ಇವೂ ಮರೆವು ತರುತ್ತವೆ.

ಅಂಕಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಬದಲಾವಣೆ. ಡೊಂಬಿವಲಿಯ ಒಂದೇ ಥರದ ಕಟ್ಟಡಗಳ ನಡುವೆ ದಾರಿ ತಪ್ಪುವುದು ದೊಡ್ಡ ವಿಷಯವಲ್ಲ. ಊರಲ್ಲಿ ನಿತ್ಯ ಹೋಗುವ ಅಂಗಡಿಗೇ ದಾರಿ ತಪ್ಪಿದ್ದರಾ? ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದರಾ? ಯಾವಾಗಿನಿಂದ? ಊರಿನವರನ್ನು ಕೇಳಿ ಬರೆದಿಟ್ಟು ವೈದ್ಯರಿಗೆ ಕೊಡಿ. ಅಷ್ಟೆಲ್ಲ ನೋಡಿದ ಮೇಲೂ ಡಿಮೆನ್ಷಿಯಾ ಎಂದೇ ತೀರ್ಮಾನ ಆಗಬಹುದು. ಆದರೆ 17 ಎಂಬ ಅಂಕಿಯೊಂದರಿಂದಲೇ ಅಲ್ಲ.

ಟಾನಿಕ್ ಬೇಡ. ಇಲಿಗೆ ಅಲ್ಝೈಮರ್ ತಾನಾಗಿ ಬರುವುದಿಲ್ಲ, ಮನುಷ್ಯರ ಜೀನ್ ಸೇರಿಸಿ ಅದರಂಥದ್ದನ್ನು ತರಿಸುತ್ತಾರೆ. ಅಂಥ ಇಲಿಗಳಲ್ಲಿ ಗೆದ್ದ ಎಷ್ಟೋ ಔಷಧಿಗಳು ಮನುಷ್ಯರಲ್ಲಿ ಸೋತಿವೆ.