ಕಾವೇರಿಯಲ್ಲಿ ಸಿಕ್ಕಿದ್ದು ಕಪ್ಪೆಚಿಪ್ಪು
ಶ್ರೀರಂಗಪಟ್ಟಣದ ಹೊಳೆ ದಡದಲ್ಲಿ ಸಿಕ್ಕ ಚಿಪ್ಪು ಬ್ರಾಕಿಯೋಪಾಡ್ (ಎರಡು ಚಿಪ್ಪಿನ ಒಂದು ಬಗೆಯ ಸಮುದ್ರ ಜೀವಿ) ಪಳೆಯುಳಿಕೆನಾ ಅಂತ ಕೇಳಿದ್ದೀರಿ. ಅಲ್ಲ, ಒಳಗೆ ಮುತ್ತಿನಂಥ ಹೊಳಪು ಇದೆ ಅಂದಿರಲ್ವಾ, ಅದು ನಮ್ಮ ಮಾಮೂಲಿ ಕಪ್ಪೆಚಿಪ್ಪು. ಬ್ರಾಕಿಯೋಪಾಡ್‌ಗಳು ಸಮುದ್ರ ಬಿಟ್ಟು ಎಲ್ಲೂ ಇಲ್ಲ.

ಒಂದೇ ಚಿಪ್ಪನ್ನು ಅಂಗೈ ಮೇಲಿಟ್ಟು, ಕೀಲಿನಿಂದ ಅಂಚಿನವರೆಗೆ ನಡುವೆ ಗೆರೆ ಎಳೆದ ಹಾಗೆ ನೋಡಿ. ಎಡ ಬಲ ಒಂದೇ ತರ ಇದ್ದರೆ ಬ್ರಾಕಿಯೋಪಾಡ್. ಅದರ ಮೇಲಿನ, ಕೆಳಗಿನ ಚಿಪ್ಪುಗಳು ಮಾತ್ರ ಬೇರೆ ಬೇರೆ. ಕಪ್ಪೆಚಿಪ್ಪಿನದು ತಿರುಗಾಮುರುಗಾ: ಎರಡೂ ಚಿಪ್ಪು ಒಂದೇ ತರ, ಆದರೆ ಒಂದೊಂದರ ಎಡ ಬಲ ಮಾತ್ರ ಬೇರೆ ಬೇರೆ.

ಮಂಡ್ಯದ ಬಂಡೆಯಲ್ಲಿ ಸುಮ್ನೆ ಹುಡುಕಬೇಡಿ. ಆ ಬಂಡೆಗಳು ಚಿಪ್ಪಿನ ಪ್ರಾಣಿಗಳೇ ಹುಟ್ಟದ ಕಾಲದವು. ಬ್ರಾಕಿಯೋಪಾಡ್ ಬಂದದ್ದು 50 ಕೋಟಿ ವರ್ಷಕ್ಕೂ ಹಿಂದೆ. 25 ಕೋಟಿ ವರ್ಷದ ಹಿಂದಿನ ಮಹಾ ಅಳಿವಿನಲ್ಲಿ ಬಹುಪಾಲು ಸತ್ತವು, ಈಗ ಸುಮಾರು 400 ಜಾತಿ ಉಳಿದಿವೆ. ನಿಜವಾದ ಬ್ರಾಕಿಯೋಪಾಡ್ ಪಳೆಯುಳಿಕೆ ಬೇಕಾದರೆ, ಒಂದು ಕಾಲದಲ್ಲಿ ಸಮುದ್ರವಾಗಿದ್ದ ತಮಿಳುನಾಡಿನ ಅರಿಯಲೂರು ಕಡೆ ಹೋಗಿ.