ಹೊನ್ನಾವರದ ತಂಗಿಗೆ, ಲೀಡ್ಸ್‌ನಿಂದ

ತಂಗೀ,

ಕಾರವಾರದಲ್ಲಿ ಎಂಬಿಬಿಎಸ್ ಮುಗಿಸಿ, ಹೊರದೇಶದಲ್ಲಿ ಓದಿದ ವೈದ್ಯರಿಗೆ ಬ್ರಿಟನ್ನಿನವರು ಇಟ್ಟಿರುವ ಪ್ಲ್ಯಾಬ್ ಪರೀಕ್ಷೆಯನ್ನೂ ದಾಟಿ ಇಂಗ್ಲೆಂಡಿಗೆ ಹೊರಟು ನಿಂತಿದ್ದೀಯ, ಸಂತೋಷ. ಅಲ್ಲಿ ಎಲ್ಲವೂ ಮಾರ್ಗಸೂಚಿಯಂತೆಯೇ ನಡೆಯಬೇಕಂತೆ, ಸ್ವಂತ ಬುದ್ಧಿಗೆ ಕೆಲಸವಿಲ್ಲವಂತೆ, ಸಣ್ಣ ತಪ್ಪಾದರೂ ನೋಂದಣಿ ಹೋಗುತ್ತದಂತೆ, ನಿಜವೇ ಎಂದು ಕೇಳಿದ್ದೀಯ. ಚಳಿ, ಮನೆ ಬಾಡಿಗೆ, ಕುಚ್ಚಲಕ್ಕಿ ಸಿಗುವ ಅಂಗಡಿ ಇವೆಲ್ಲ ಇನ್ನೊಮ್ಮೆ.

ಮೊದಲು ಹೆದರಿಕೆಯ ವಿಷಯ. ಇಲ್ಲಿ ವೈದ್ಯರ ನೋಂದಣಿ ನೋಡಿಕೊಳ್ಳುವ ಜನರಲ್ ಮೆಡಿಕಲ್ ಕೌನ್ಸಿಲ್‌ನ ನೀತಿಸಂಹಿತೆಯ ಹೆಸರು ‘ಗುಡ್ ಮೆಡಿಕಲ್ ಪ್ರ್ಯಾಕ್ಟೀಸ್’. 2024ರ ಜನವರಿ 30ರಿಂದ ಅದರ ಹೊಸ ಆವೃತ್ತಿ ಜಾರಿಯಲ್ಲಿದೆ. ವಿಮಾನದಲ್ಲಿ ಕುಳಿತೇ ಓದಿ ಮುಗಿಸಬಹುದು. ಎಡವಟ್ಟಾದರೆ ರೋಗಿಗೆ ತಿಳಿಸು, ಕ್ಷಮೆ ಕೇಳು, ಸರಿಪಡಿಸಲು ಆಗುವುದನ್ನು ಮಾಡು ಎನ್ನುತ್ತದೆ. ಕ್ಷಮೆ ಕೇಳಿದರೆ ನಾಳೆ ಕೋರ್ಟಿನಲ್ಲಿ ಅದೇ ಉರುಳಾಗುತ್ತದೆ ಎಂದು ನಮ್ಮ ಹಿರಿಯ ವೈದ್ಯರು ಎಚ್ಚರಿಸುತ್ತಾರಲ್ಲ, ಇಲ್ಲಿ 2006ರ ಪರಿಹಾರ ಕಾಯ್ದೆಯೇ ಕ್ಷಮೆ ಕೇಳಿದ ಮಾತ್ರಕ್ಕೆ ನಿರ್ಲಕ್ಷ್ಯವನ್ನು ಒಪ್ಪಿಕೊಂಡಂತಲ್ಲ ಎಂದಿದೆ. ವೈದ್ಯರನ್ನು ಮುಳುಗಿಸುವುದು ಹೆಚ್ಚಾಗಿ ಮುಚ್ಚಿಟ್ಟ ತಪ್ಪು, ಆಮೇಲೆ ತಿದ್ದಿದ ಕೇಸ್ ಶೀಟು. ಆದರೂ ವೈದ್ಯರ ರಕ್ಷಣಾ ಸಂಘವೊಂದರ ಸದಸ್ಯತ್ವವನ್ನು ಮೊದಲ ಸಂಬಳದಲ್ಲೇ ಮಾಡಿಸು. ಆಸ್ಪತ್ರೆಯ ವಿಮಾ ರಕ್ಷಣೆ ಕೌನ್ಸಿಲ್ ವಿಚಾರಣೆಗೆ ಒದಗುವುದಿಲ್ಲ.

ಮಾರ್ಗಸೂಚಿಗಳನ್ನು ಬರೆಯುವುದು 1999ರಲ್ಲಿ ಹುಟ್ಟಿದ ನೈಸ್ ಸಂಸ್ಥೆ. ಎದುರಿಗಿರುವ ರೋಗಿಯನ್ನು ನೋಡಿ ತೀರ್ಮಾನಿಸುವ ಹೊಣೆ ವೈದ್ಯರದ್ದೇ ಎಂದು ಆ ಮಾರ್ಗಸೂಚಿಗಳಲ್ಲೇ ಬರೆದಿರುತ್ತದೆ. ಅಷ್ಟು ದೂರ ಓದುವವರು ಕಡಿಮೆ. ಎದ್ದು ನಿಂತರೆ ತಲೆ ತಿರುಗಿ ಬೀಳುವ ತೊಂಬತ್ತರ ಅಜ್ಜಿಗೆ ಬಿಪಿ ಮಾತ್ರೆ ಹೆಚ್ಚಿಸದೆ ಬಿಡಬಹುದು, ಕಾರಣವನ್ನು ಎರಡು ಸಾಲು ಬರೆದಿಡು. ಸಿದ್ದಾಪುರದ ಕಡೆ ಬೇಸಿಗೆಯಲ್ಲಿ ಜ್ವರ ಬಂದವನನ್ನು, ಮಂಗನ ಕಾಯಿಲೆ ಇರಬಹುದೆಂದು ಶಂಕಿಸಿ, ದರಕು ತರಲು ಕಾಡಿಗೆ ಹೋಗಿದ್ದೆಯಾ, ಉಣುಗು ಕಚ್ಚಿತ್ತೇ ಎಂದು ವಿಚಾರಿಸುವ ವೈದ್ಯರಿದ್ದಾರಲ್ಲ, ಆ ಬುದ್ಧಿಯನ್ನು ಇಲ್ಲಿ ಯಾರೂ ಕಸಿದುಕೊಳ್ಳುವುದಿಲ್ಲ.

ನಿನಗೆ ನಿಜವಾಗಿ ಕಷ್ಟವಾಗುವುದು ಬೇರೆ. ಊರಿನಲ್ಲಿ ವರದಿ ಬಂದೊಡನೆ ಮಗ ಡಾಕ್ಟರನ್ನು ಹೊರಗೆ ಕರೆದು, ‘ಕ್ಯಾನ್ಸರ್ ಎಂದು ಅಪ್ಪನಿಗೆ ಹೇಳಬೇಡಿ’ ಎನ್ನುತ್ತಾನೆ, ಡಾಕ್ಟರೂ ತಲೆಯಾಡಿಸುತ್ತಾರೆ. ಭಾರತದ 2002ರ ವೈದ್ಯಕೀಯ ನೀತಿ ನಿಯಮಗಳಲ್ಲೂ ರೋಗಿ, ಬಂಧುಗಳು, ಹೊಣೆಗಾರ ಸ್ನೇಹಿತರು ಒಂದೇ ಸಾಲಿನಲ್ಲಿ ಬರುತ್ತಾರೆ. ಇಲ್ಲಿ ಮೊದಲ ಹಕ್ಕು ರೋಗಿಯದು. ಹೆರಿಗೆಯ ಅಪಾಯವನ್ನು ತನಗೆ ತಿಳಿಸಲಿಲ್ಲ ಎಂದು ಸ್ಕಾಟ್ಲೆಂಡಿನ ಮಧುಮೇಹಿ ತಾಯಿಯೊಬ್ಬರು ಹೂಡಿದ ದಾವೆಯಲ್ಲಿ 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕೊಟ್ಟ ಮಾಂಟ್‌ಗೊಮರಿ ತೀರ್ಪನ್ನು ಓದು. ಏನು ಹೇಳಬೇಕು ಎಂಬುದಕ್ಕೆ ವೈದ್ಯರ ರೂಢಿ ಅಳತೆಯಲ್ಲ, ರೋಗಿಗೆ ಯಾವುದು ಮುಖ್ಯವೋ ಅದು ಅಳತೆ ಎಂದಿದೆ.

ನನ್ನ ವಾರ್ಡಿಗೆ ಒಮ್ಮೆ ಪಂಜಾಬಿನ ಅಜ್ಜಿಯೊಬ್ಬರು ಬಂದಿದ್ದರು. ಮಗ ಅನುವಾದ ಮಾಡುತ್ತಿದ್ದ; ನಾನು ಐದು ವಾಕ್ಯ ಹೇಳಿದರೆ ಅವನಿಂದ ಒಂದೇ ಹೊರಡುತ್ತಿತ್ತು. ಫೋನಿನಲ್ಲಿ ದುಭಾಷಿಯನ್ನು ಕರೆಸಿ, ‘ನಿಮಗೆ ಎಷ್ಟು ತಿಳಿಯಬೇಕೆಂದಿದೆ?’ ಎಂದು ಕೇಳಿಸಿದೆ. ಅಜ್ಜಿ ಮಗನ ಕೈ ಹಿಡಿದುಕೊಂಡು, ‘ಇವನಿಗೇ ಹೇಳಿ, ಆದರೆ ನನ್ನೆದುರು ಹೇಳಿ’ ಎಂದರು. ತಿಳಿಯದಿರುವುದನ್ನು ಆರಿಸಿಕೊಳ್ಳಲೂ ರೋಗಿಗೆ ಹಕ್ಕಿದೆ, ಕೇಳದೆ ನಾವು ಆರಿಸಬಾರದು ಅಷ್ಟೇ. ಈ ಒಂದು ಪ್ರಶ್ನೆಯನ್ನು ಶಿರಸಿಯಲ್ಲೂ ಕೇಳಬಹುದಿತ್ತು ಎಂದು ನನಗೆ ಅನ್ನಿಸುತ್ತದೆ.

ಇನ್ನು ಬಂಧುಗಳು. ನೀನು ವಿಮಾನ ಇಳಿಯುವಷ್ಟರಲ್ಲಿ ವಾಟ್ಸಾಪ್‌ನಲ್ಲಿ ಇಸಿಜಿಗಳು ಬಂದು ಬಿದ್ದಿರುತ್ತವೆ. ಹತ್ತಿರದವರಿಗೆ ಚಿಕಿತ್ಸೆ ಮಾಡುವುದನ್ನು ಸಾಧ್ಯವಾದಷ್ಟು ತಪ್ಪಿಸು ಎನ್ನುತ್ತದೆ ಸಂಹಿತೆ. ನಾನು ಪ್ರತಿ ಸಲ, ‘ಅಲ್ಲಿ ನೋಡಿದ ಡಾಕ್ಟರು ಏನೆಂದರು?’ ಎಂದಷ್ಟೇ ಕೇಳುತ್ತೇನೆ. ಶಿರಸಿಯ ನಮ್ಮ ಅತ್ತೆಗೆ ಈ ಪ್ರಶ್ನೆಯ ಮೇಲೆ ಇನ್ನೂ ಸಿಟ್ಟಿದೆ.